ಎರೆನೆಲದ ಹತ್ತಿ ಮತ್ತು ಮುರಗಾಂವ ಬಂದರು: 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ಕಾನೂನು ಪರಿಶೀಲನೆ

ಧಾರವಾಡ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ಈ ಜಿಲ್ಲೆಯ ಹತ್ತೊಂಬತ್ತನೆಯ ಶತಮಾನದ ಆರ್ಥಿಕ ಇತಿಹಾಸವನ್ನು ಬಂದರುಗಳ ಹೆಸರಿಲ್ಲದೆ ಬರೆಯಲಾಗದು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆನೆಲದಲ್ಲಿ ಬೆಳೆದ ನಾಡಹತ್ತಿಗೆ ಲಿವರ್‌ಪೂಲಿನ ಪೇಟೆಯಲ್ಲಿ ಇದ್ದ ಹೆಸರು ‘ಕುಮಟಾ’. ಬೆಳೆದ ನೆಲದ ಹೆಸರನ್ನು ಹಡಗೇರಿದ ಬಂದರಿನ ಹೆಸರು ನುಂಗಿಹಾಕಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಈ ಹತ್ತಿಗಾಗಿ ಬ್ರಿಟಿಷ್ ಸರ್ಕಾರವು ಪರರಾಜ್ಯವೊಂದರ ಬಂದರನ್ನು ಅಭಿವೃದ್ಧಿಪಡಿಸಲು ಮಾಡಿಕೊಂಡ ಒಪ್ಪಂದವನ್ನು ಕಾನೂನಿನ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. 1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಸಹಿಯಾದ ಈ ‘ವಾಣಿಜ್ಯ ಮತ್ತು ಅಪರಾಧಿ ಹಸ್ತಾಂತರ ಒಪ್ಪಂದ’ವನ್ನು ಗೋವೆಯ ಇತಿಹಾಸಕಾರರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಘಟ್ಟದ ಮೇಲಿನ ಊರುಗಳ ಕಡೆಯಿಂದ ಅದನ್ನು ಓದಿದಾಗ ಕಾಣುವ ಚಿತ್ರ ಬೇರೆಯೇ ಆಗಿದೆ.

ಕರ್ನಾಟಕದ ಪ್ರಭುತ್ವಗಳು ಪೋರ್ಚುಗೀಸರೊಡನೆ ಬಂದರು ಕುರಿತ ಕರಾರು ಮಾಡಿಕೊಂಡದ್ದು ಹೊಸತೇನಲ್ಲ. 1547ರಲ್ಲಿ ವಿಜಯನಗರದ ಸದಾಶಿವರಾಯನ ಆಡಳಿತಕ್ಕೂ ಗೋವೆಯ ಅಧಿಪತಿ ಜೊಆವ್ ದ ಕಾಸ್ತ್ರೋನಿಗೂ ಆದ ಒಡಂಬಡಿಕೆಯಲ್ಲಿ ಕುದುರೆ ವ್ಯಾಪಾರದ ಏಕಸ್ವಾಮ್ಯಕ್ಕೆ ಪ್ರತಿಯಾಗಿ ಅಂಕೋಲಾ, ಹೊನ್ನಾವರಗಳ ಮೂಲಕ ಸರಕು ಸಾಗಿಸುವ ಮಾತಿತ್ತು. ಅದು ಇಬ್ಬರು ಸಮಬಲರ ವ್ಯವಹಾರವಾಗಿತ್ತು. 1878ರ ವೇಳೆಗೆ ಪರಿಸ್ಥಿತಿ ಪೂರ್ಣವಾಗಿ ಬದಲಾಗಿತ್ತು. ಕೊಡುವವನೂ ಕೊಳ್ಳುವವನೂ ಯುರೋಪಿನವರೇ ಆಗಿದ್ದರು.

ಒಪ್ಪಂದದ ಹಿನ್ನೆಲೆಯನ್ನು ಅರಿಯಲು ಕಾರವಾರದಿಂದ ಆರಂಭಿಸಬೇಕು. 1840ರ ದಶಕದಿಂದ ಧಾರವಾಡದ ಕಲೆಕ್ಟರರು ಹುಬ್ಬಳ್ಳಿಯ ಸುತ್ತ ಅಮೆರಿಕದ ಹತ್ತಿಯ ತಳಿಯನ್ನು ಬೆಳೆಸಲು ಯತ್ನಿಸಿದರು. ಭಾರತದ ಉಳಿದೆಡೆ ಬಹುಮಟ್ಟಿಗೆ ಸೋತ ಈ ಪ್ರಯೋಗ ಇಲ್ಲಿ ಫಲಿಸಿ ‘ಧಾರವಾರ್-ಅಮೆರಿಕನ್’ ಎಂಬ ಹೆಸರು ಗಳಿಸಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅರಳೆ ಬರುವುದು ನಿಂತಾಗ ಎಲ್ಲರ ಕಣ್ಣು ಧಾರವಾಡದ ಮೇಲೆ ಬಿತ್ತು. ಮದರಾಸು ಆಧಿಪತ್ಯದಲ್ಲಿದ್ದ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದ್ದರ ಹಿಂದೆ ಹತ್ತಿ ಬೆಳೆಯುವ ಜಿಲ್ಲೆ ಮತ್ತು ಹತ್ತಿ ಹಡಗೇರುವ ಬಂದರು ಒಂದೇ ಆಡಳಿತಕ್ಕೆ ಒಳಪಡಬೇಕೆಂಬ ವರ್ತಕರ ಒತ್ತಾಯವಿತ್ತು. ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಅದೇ ಸುಮಾರಿಗೆ ಸದಾಶಿವಗಡದ ಕಡಲತೀರಕ್ಕೆ ಅರಳೆ ಒತ್ತುವ ಯಂತ್ರಗಳನ್ನು ತಂದು ಇಳಿಸಿತು. ಯಂತ್ರಗಳು ಬಂದವು, ಅವನ್ನು ಮೇಲಕ್ಕೆ ಸಾಗಿಸಲು ರಸ್ತೆ ಇರಲಿಲ್ಲ. ಕಂಪನಿ ಕೆಲವೇ ವರ್ಷಗಳಲ್ಲಿ ಕೈಚೆಲ್ಲಿತು. ಮುಂದೆ ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರಗಳ ಮೂಲಕ ಅರಬೈಲು ಘಟ್ಟವನ್ನಿಳಿದು ಕರಾವಳಿ ಸೇರುವ ಚಕ್ಕಡಿ ರಸ್ತೆ ಸಿದ್ಧವಾಯಿತು. ಕಾರವಾರಕ್ಕೆ ರೈಲು ತರಬೇಕೆಂಬ ಯೋಜನೆ ಮಾತ್ರ ಅಳತೆ, ಅಂದಾಜು, ಪತ್ರವ್ಯವಹಾರಗಳಲ್ಲೇ ಒಂದೂವರೆ ದಶಕ ಕಳೆಯಿತು.

ಈ ನಡುವೆ 1876-78ರ ಭೀಕರ ಬರ ಬಂದಿತು. ಹುಬ್ಬಳ್ಳಿ, ನವಲಗುಂದ, ಗದಗ ಭಾಗಗಳು ತತ್ತರಿಸಿಹೋದವು. ದೇಶದ ಬೇರೆಡೆ ಇದ್ದ ಕಾಳು ಇಲ್ಲಿಗೆ ಎತ್ತಿನ ಗಾಡಿಯಲ್ಲಿ ಬರಬೇಕಾಗಿತ್ತು. ಮೇವಿಲ್ಲದೆ ಎತ್ತುಗಳೇ ಸತ್ತಿದ್ದವು. ಅಲ್ಲಿಯವರೆಗೆ ಹತ್ತಿಯ ವ್ಯಾಪಾರಿಗಳ ಬೇಡಿಕೆಯಾಗಿದ್ದ ರೈಲು ಬರದ ನಂತರ ಸರ್ಕಾರದ ಅನಿವಾರ್ಯವಾಯಿತು. ಕಾರವಾರಕ್ಕೆ ಬದಲಾಗಿ ಗೋವೆಯ ಮುರಗಾಂವವನ್ನು ಆರಿಸಿಕೊಂಡದ್ದು ಕೇವಲ ಭೂಗೋಳದ ಲೆಕ್ಕಾಚಾರದಿಂದಲ್ಲ. ಕಾರವಾರದಲ್ಲಿ ಬಂದರು ಕಟ್ಟಿದರೆ ವೆಚ್ಚವೆಲ್ಲ ಭಾರತದ ಬೊಕ್ಕಸದ್ದು. ಮುರಗಾಂವದಲ್ಲಿ ಕಟ್ಟಿದರೆ ಅದರ ಹೊಣೆ ಪೋರ್ಚುಗಲ್ಲಿನದು. ಜೊತೆಗೆ ಬ್ರಿಟಿಷರಿಗೆ ಬಹುಕಾಲದಿಂದ ಬೇಕಾಗಿದ್ದ ಇನ್ನೊಂದು ವಸ್ತುವೂ ಕೈಗೆ ಬರುತ್ತಿತ್ತು. ಆ ವಸ್ತು ಉಪ್ಪು.

ಒಪ್ಪಂದಕ್ಕೆ ಬ್ರಿಟನ್ನಿನ ಪರವಾಗಿ ರಾಬರ್ಟ್ ಮೋರಿಯರ್, ಪೋರ್ಚುಗಲ್ಲಿನ ಪರವಾಗಿ ವಿದೇಶಾಂಗ ಮಂತ್ರಿ ಜೊಆವ್ ದ ಆಂದ್ರಾದ ಕೋರ್ವೊ ಸಹಿ ಹಾಕಿದರು. 1880ರ ಜನವರಿ 15ರಂದು ಅದು ಜಾರಿಗೆ ಬಂದಿತು. ಅವಧಿ 12 ವರ್ಷ. ಅದರ ಮುಖ್ಯಾಂಶಗಳು ಹೀಗಿದ್ದವು: ಬ್ರಿಟಿಷ್ ಇಂಡಿಯಾ ಮತ್ತು ಪೋರ್ಚುಗೀಸ್ ಇಂಡಿಯಾಗಳ ನಡುವಣ ಸುಂಕದ ಗಡಿ ರದ್ದಾಗುವುದು, ಮುರಗಾಂವದಿಂದ ಹೊಸ ಹುಬ್ಬಳ್ಳಿಯ ಕಡೆಗೆ ರೈಲು ಹಾಕಲು ಉಭಯ ಸರ್ಕಾರಗಳೂ ಸಹಕರಿಸುವುದು, ಗೋವೆಯ ಉಪ್ಪಿನ ತಯಾರಿಕೆ ಮತ್ತು ಮಾರಾಟದ ಏಕಸ್ವಾಮ್ಯ ಬ್ರಿಟಿಷ್ ಇಂಡಿಯಾ ಸರ್ಕಾರಕ್ಕೆ ಸೇರುವುದು, ಅಬಕಾರಿಯನ್ನು ಬ್ರಿಟಿಷ್ ಪದ್ಧತಿಗೆ ಹೊಂದಿಸುವುದು, ಇದಕ್ಕೆಲ್ಲ ಪರಿಹಾರವಾಗಿ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಲ್ಲುವುದು. ಗೋವೆಗೆ ಬೇಕಾದ ಬೆಳ್ಳಿಯ ರೂಪಾಯಿ ಕೂಡ 1881ರಿಂದ ಕಲ್ಕತ್ತೆಯ ಟಂಕಸಾಲೆಯಲ್ಲಿ ಅಚ್ಚಾಗತೊಡಗಿತು.

ಬಂದರಿನ ಒಪ್ಪಂದದಲ್ಲಿ ಉಪ್ಪಿಗೇನು ಕೆಲಸ ಎಂಬ ಪ್ರಶ್ನೆ ಸಹಜ. ಮುಂಬಯಿ ಆಧಿಪತ್ಯದಲ್ಲಿ ಉಪ್ಪಿನ ಸುಂಕವು 1878ರ ಸುಮಾರಿಗೆ ಮಣಕ್ಕೆ 1 ರೂಪಾಯಿ 13 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿತ್ತು. ಗೋವೆಯ ಆಗರಗಳ ಅಗ್ಗದ ಉಪ್ಪು ಲಂಬಾಣಿಗಳ ಹೇರೆತ್ತುಗಳ ಮೇಲೆ ಘಟ್ಟ ಹತ್ತಿ ಬರುತ್ತಿದ್ದುದು ಈ ಸುಂಕಕ್ಕೆ ದೊಡ್ಡ ಸೋರಿಕೆಯಾಗಿತ್ತು. ಗಡಿಯ ದಟ್ಟ ಕಾಡಿನಲ್ಲಿ ಕಾವಲು ಇಡುವುದು ದುಬಾರಿ. ಮೂಲವನ್ನೇ ಕೊಂಡುಕೊಳ್ಳುವುದು ಅಗ್ಗ. 4 ಲಕ್ಷ ರೂಪಾಯಿಯ ಅರ್ಥ ಇದು. ಒಪ್ಪಂದ ಜಾರಿಯಾದೊಡನೆ ಗೋವೆಯ ಅನೇಕ ಆಗರಗಳು ಮುಚ್ಚಿದವು. ಅಲ್ಲಿಯ ಉಪ್ಪಾರರು ಕೆಲಸ ಕಳೆದುಕೊಂಡರು. ಘಟ್ಟದ ಈಚೆಗಾದ ಪರಿಣಾಮವನ್ನು ಯಾರೂ ಲೆಕ್ಕವಿಟ್ಟಿಲ್ಲ. ತೆರಿಗೆ ತೆರದ ಉಪ್ಪು ಬರುವ ದಾರಿಗಳು ಮುಚ್ಚಿದಾಗ ಕಲಘಟಗಿಯಂಥ ಸೆರಗಿನ ಸೀಮೆಯ ಬಡವನ ಪಾಲಿಗೆ ಉಪ್ಪಿನ ಬೆಲೆ ಸರ್ಕಾರದ ಬೆಲೆಯೇ ಆಯಿತು. ಹೇರೆತ್ತಿನ ಸಾಗಾಟದಿಂದ ಬದುಕುತ್ತಿದ್ದ ತಾಂಡಾಗಳು ಮೊದಲು ಉಪ್ಪನ್ನೂ ಅನಂತರ ರೈಲಿನಿಂದಾಗಿ ಉಳಿದ ಸರಕನ್ನೂ ಕಳೆದುಕೊಂಡವು. ಹತ್ತಿಯ ಬಂದರಿಗೆ ಧಾರವಾಡದ ರೈತ ತೆತ್ತ ಮೊದಲ ಕಂತು ಇದೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಈಗ ಒಪ್ಪಂದದ ಕಾನೂನುಸ್ವರೂಪವನ್ನು ಪರಿಶೀಲಿಸಬಹುದು. ಸಾಮಾನ್ಯವಾಗಿ ಇದನ್ನು ಒಂದೇ ಒಪ್ಪಂದವೆಂಬಂತೆ ಚರ್ಚಿಸಲಾಗುತ್ತದೆ. ವಾಸ್ತವವಾಗಿ ಇಲ್ಲಿ ಎರಡು ಪ್ರತ್ಯೇಕ ಲಿಖಿತಗಳಿವೆ. ಒಂದು, ಎರಡು ಪ್ರಭುತ್ವಗಳ ನಡುವಿನ 1878ರ ಒಪ್ಪಂದ. ಇನ್ನೊಂದು, ಬಂದರು ಮತ್ತು ರೈಲುಮಾರ್ಗದ ನಿರ್ಮಾಣಕ್ಕಾಗಿ ಪೋರ್ಚುಗೀಸ್ ಸರ್ಕಾರವು ಲಂಡನ್ನಿನ ಬಂಡವಾಳಗಾರರೊಡನೆ 1881ರ ಏಪ್ರಿಲಿನಲ್ಲಿ ಮಾಡಿಕೊಂಡ ಕರಾರು. ಸದರ್ಲೆಂಡಿನ ಡ್ಯೂಕನ ಮನೆಯ ಹೆಸರಿನಿಂದ ‘ಸ್ಟ್ಯಾಫರ್ಡ್ ಹೌಸ್ ಸಮಿತಿ’ ಎಂದು ಕರೆಯಲ್ಪಟ್ಟ ಈ ಗುಂಪಿನಿಂದಲೇ ಮುಂದೆ ‘ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ ಕಂಪನಿ’ ಹುಟ್ಟಿತು. ಕಂಪನಿಯ ಮೂಲ ಬಂಡವಾಳ 8 ಲಕ್ಷ ಪೌಂಡು. ಅದರ ಮೇಲೆ ನೂರಕ್ಕೆ 5ರಂತೆ ಬಡ್ಡಿಯ ಖಾತ್ರಿಯನ್ನು ಪೋರ್ಚುಗೀಸ್ ಸರ್ಕಾರ ನೀಡಿತು. ರೈಲು ಲಾಭದಲ್ಲಿ ಓಡಲಿ, ನಷ್ಟದಲ್ಲಿ ಓಡಲಿ, ಪಾಲುದಾರರಿಗೆ ಬಡ್ಡಿ ತಪ್ಪುವಂತಿರಲಿಲ್ಲ.

ಈ ಎರಡು ಲಿಖಿತಗಳನ್ನು ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿದರೆ ಸ್ವಾರಸ್ಯವಾದ ಸಂಗತಿಯೊಂದು ಹೊರಬೀಳುತ್ತದೆ. 8 ಲಕ್ಷ ಪೌಂಡಿಗೆ ನೂರಕ್ಕೆ 5ರ ಬಡ್ಡಿ ವರ್ಷಕ್ಕೆ 40,000 ಪೌಂಡು. ರೂಪಾಯಿಗೆ 2 ಶಿಲಿಂಗ್ ಎಂಬ ಹಳೆಯ ದರದಲ್ಲಿ ಅದು ಸರಿಯಾಗಿ 4 ಲಕ್ಷ ರೂಪಾಯಿ. ಉಪ್ಪಿಗಾಗಿ ಬರುವ ಹಣವೂ ಅಷ್ಟೇ. ಈ ಹೊಂದಿಕೆ ಆಕಸ್ಮಿಕವಾಗಿರಲಾರದೆಂದು ನನ್ನ ಅಭಿಪ್ರಾಯ. ಗೋವೆಯ ಉಪ್ಪಿನ ಹಕ್ಕು ಮಾರಿದ ಹಣ ಲಂಡನ್ನಿನ ಪಾಲುದಾರರ ಬಡ್ಡಿಗೆ ಸರಿಹೋಗುವಂತೆ ವ್ಯವಹಾರ ರೂಪುಗೊಂಡಿತ್ತು. ಆದರೆ ಪರಿಹಾರ ಬೆಳ್ಳಿಯ ರೂಪಾಯಿಯಲ್ಲಿ, ಬಡ್ಡಿ ಚಿನ್ನದ ಪೌಂಡಿನಲ್ಲಿ. ಒಪ್ಪಂದ ಜಾರಿಯಾದ 1880ರಲ್ಲೇ ರೂಪಾಯಿಯ ಬೆಲೆ ಸುಮಾರು 1 ಶಿಲಿಂಗ್ 8 ಪೆನ್ಸಿಗೆ ಇಳಿದಿತ್ತು. 40,000 ಪೌಂಡಿಗೆ 4 ಲಕ್ಷ 80 ಸಾವಿರ ರೂಪಾಯಿ ಬೇಕಾಯಿತು. 1892ರ ಸುಮಾರಿಗೆ ಅದು 1 ಶಿಲಿಂಗ್ 3 ಪೆನ್ಸಿನ ಆಸುಪಾಸಿಗೆ ಬಂದಾಗ ಬೇಕಾದದ್ದು 6 ಲಕ್ಷ 40 ಸಾವಿರ. ಬೆಳ್ಳಿಯ ಕುಸಿತದ ಹೊಣೆ ಯಾರದೆಂಬ ಬಗ್ಗೆ ಕರಡು ರಚಿಸಿದವರು ಎಚ್ಚರ ವಹಿಸಿದ್ದರೆ ಈ ಭಾರ ಗೋವೆಯ ತೆರಿಗೆದಾರನ ತಲೆಯ ಮೇಲೆ ಬೀಳುತ್ತಿರಲಿಲ್ಲ.

ಇನ್ನೂ ದೊಡ್ಡ ದೋಷ ಅವಧಿಯದು. ಮುರಗಾಂವದ ಕಟ್ಟೆಯಲ್ಲಿ ಹಡಗು ನಿಲ್ಲುವಂತಾದದ್ದು 1885ರ ಹೊತ್ತಿಗೆ. ಮುರಗಾಂವದಿಂದ ಕ್ಯಾಸಲ್ ರಾಕ್‌ವರೆಗಿನ 51 ಮೈಲಿಯ ಮಾರ್ಗ, ಬ್ರಗಾಂಜಾ ಘಟ್ಟದ ಸುರಂಗಗಳ ಸಹಿತ, ಪೂರ್ಣವಾಗಿ ತೆರೆದದ್ದು 1888ರಲ್ಲಿ. ಒಪ್ಪಂದವನ್ನು ನವೀಕರಿಸದೆ ಅದು ಕೊನೆಗೊಂಡದ್ದು 1892ರ ಜನವರಿ 14ರಂದು. ಅಂದರೆ ಸುಂಕವಿಲ್ಲದ ಗಡಿ ಮತ್ತು ಪೂರ್ಣಗೊಂಡ ರೈಲು ಇವೆರಡೂ ಜೊತೆಯಾಗಿ ಇದ್ದದ್ದು ನಾಲ್ಕು ವರ್ಷ ಮಾತ್ರ. ಅನಂತರ ಕ್ಯಾಸಲ್ ರಾಕಿನಲ್ಲಿ ಮತ್ತೆ ಸುಂಕದ ಕಟ್ಟೆ ಬಂದಿತು. 4 ಲಕ್ಷ ರೂಪಾಯಿ ನಿಂತಿತು. ಬಡ್ಡಿಯ ಖಾತ್ರಿ ಮಾತ್ರ ನಿಲ್ಲಲಿಲ್ಲ, ಏಕೆಂದರೆ ಅದು ಬೇರೊಂದು ಲಿಖಿತದಲ್ಲಿತ್ತು. ಯಾವ ವ್ಯಾಪಾರವನ್ನು ನಂಬಿ ಸಾಲ ಮಾಡಲಾಯಿತೋ ಆ ವ್ಯಾಪಾರದ ಆಧಾರ ಹೋದರೂ ಸಾಲ ಉಳಿಯಿತು. ಬಂದರು ಕಟ್ಟಲು ಎಂಟು ವರ್ಷ ಬೇಕೆಂಬುದು ತಿಳಿದಿದ್ದವರು ಸುಂಕದ ಒಕ್ಕೂಟಕ್ಕೆ ಹನ್ನೆರಡೇ ವರ್ಷದ ಅವಧಿಯನ್ನು ಏಕೆ ಒಪ್ಪಿದರು? ಪೋರ್ಚುಗಲ್ಲಿನ ದುರ್ಬಲತೆ ಒಂದು ಕಾರಣವಿರಬಹುದು. ಹನ್ನೆರಡು ವರ್ಷದಲ್ಲಿ ಒಗ್ಗಿಹೋದ ವ್ಯವಸ್ಥೆಯನ್ನು ಯಾರೂ ಮುರಿಯಲಾರರೆಂಬ ಕೋರ್ವೊನ ಭರವಸೆ ಇನ್ನೊಂದು ಇರಬಹುದು.

ಈ ಒಪ್ಪಂದವನ್ನು ಅಂದು ಪರಿಶೀಲಿಸಿದವರು ಯಾರು? ಪೋರ್ಚುಗಲ್ಲಿನಲ್ಲಿ ಅದು ಸಂಸತ್ತಿನ ಮುಂದೆ ಬಂದು ತೀವ್ರ ಟೀಕೆಗೆ ಒಳಗಾಗಿಯೇ ಅನುಮೋದನೆ ಪಡೆಯಿತು. ಇದರ ಬೆನ್ನಿಗೇ ಕೋರ್ವೊ ಮತ್ತು ಮೋರಿಯರ್ ಆಫ್ರಿಕದ ಲೊರೆನ್ಸೊ ಮಾರ್ಕೆಸ್ ಬಂದರಿಗಾಗಿ 1879ರಲ್ಲಿ ರೂಪಿಸಿದ ಇಂಥದೇ ಇನ್ನೊಂದು ಒಪ್ಪಂದ ಜನರ ಪ್ರತಿಭಟನೆಯಿಂದಾಗಿ 1881ರಲ್ಲಿ ಮುರಿದುಬಿತ್ತು. ಬ್ರಿಟನ್ನಿನಲ್ಲಿ ಒಪ್ಪಂದ ಮಾಡುವ ಅಧಿಕಾರ ರಾಜಮುಕುಟದ ವಿಶೇಷಾಧಿಕಾರವಾಗಿತ್ತು. ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಆ ಅಧಿಕಾರಕ್ಕೂ ಮಿತಿ ಇದೆಯೆಂಬ ಮಾತು ಅದೇ ವರ್ಷಗಳಲ್ಲಿ ನ್ಯಾಯಾಲಯಗಳಲ್ಲಿ ಕೇಳಿಬರುತ್ತಿದ್ದುದು ಗಮನಾರ್ಹ. ಬೆಲ್ಜಿಯಮ್ಮಿನ ಅಂಚೆ ಹಡಗೊಂದು ಡೋವರ್ ಬಂದರಿನಲ್ಲಿ ಬ್ರಿಟಿಷ್ ದೋಣಿಗೆ ಡಿಕ್ಕಿ ಹೊಡೆದ ‘ಪಾರ್ಲಮೆಂ ಬೆಲ್ಜ್’ ಪ್ರಕರಣದಲ್ಲಿ ನ್ಯಾಯಾಧೀಶ ರಾಬರ್ಟ್ ಫಿಲಿಮೋರ್, ಸಂಸತ್ತಿನ ಸಮ್ಮತಿಯಿಲ್ಲದ ಒಪ್ಪಂದವೊಂದು ಪ್ರಜೆಯ ಖಾಸಗಿ ಹಕ್ಕನ್ನು ಕಸಿಯಲಾರದೆಂದು 1879ರಲ್ಲಿ ತೀರ್ಪಿತ್ತರು. 1880ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ಬೇರೆ ಕಾರಣಕ್ಕಾಗಿ ತಳ್ಳಿಹಾಕಿತಾದರೂ ತತ್ತ್ವ ಉಳಿದುಕೊಂಡಿತು. ಸ್ವತಂತ್ರ ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಚ್ಛದ ರಣ್ ಕುರಿತ 1969ರ ಮಗನ್‌ಭಾಯಿ ಪ್ರಕರಣದಲ್ಲಿ ಇದೇ ಜಾಡಿನಲ್ಲಿ ಸಾಗಿತು: ಒಪ್ಪಂದ ಮಾಡುವುದು ಕಾರ್ಯಾಂಗದ ಅಧಿಕಾರ, ಪ್ರಜೆಗಳ ಹಕ್ಕು ಮೊಟಕಾಗುವಲ್ಲಿ ಶಾಸನ ಬೇಕು.

ಧಾರವಾಡದ ರೈತನಿಗೆ ಈ ತತ್ತ್ವದಿಂದ ಪ್ರಯೋಜನವಾಗುವಂತಿರಲಿಲ್ಲ. ಮುರಗಾಂವದ ಬಂದರಿನಿಂದ ಅವನಿಗೆ ಲಾಭ ದೊರೆಯಬಹುದಿತ್ತೇ ಹೊರತು ಕಾನೂನಿನ ಹಕ್ಕು ಯಾವುದೂ ದೊರೆತಿರಲಿಲ್ಲ. ಅಗ್ಗದ ಉಪ್ಪು ಕೊಳ್ಳುತ್ತಿದ್ದುದು ರೂಢಿಯೇ ಹೊರತು ಹಕ್ಕಲ್ಲ. ಕುಂದಗೋಳದ ಸ್ಥಿತಿ ಇನ್ನೂ ವಿಚಿತ್ರ. ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿದ ಸೀಮೆ. ಅಲ್ಲಿಯ ಅರಳೆಯ ಹೇರೊಂದು ಮುರಗಾಂವ ತಲುಪಬೇಕಾದರೆ ಮೂರು ಪ್ರಭುತ್ವಗಳ ನೆಲ ದಾಟಬೇಕಿತ್ತು. ಅವುಗಳಲ್ಲಿ ಒಂದು ಈ ಒಪ್ಪಂದಕ್ಕೆ ಸಹಿ ಹಾಕಿದ ಪಕ್ಷವೇ ಅಲ್ಲ.

ಗಡಿಯಿಂದ ಈಚೆಗೆ ರೈಲು ಹಾಕಿದ್ದು 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಆ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಿನ ನೆಲೆಯಾಯಿತು. ಹುಬ್ಬಳ್ಳಿ-ಗದಗ ಮಾರ್ಗ ಅಣ್ಣಿಗೇರಿಯ ಮೂಲಕವೂ, ಹರಿಹರದ ಮಾರ್ಗ ಕುಂದಗೋಳದ ಮೂಲಕವೂ ಹಾದುಹೋಯಿತು. ನವಲಗುಂದಕ್ಕೆ ರೈಲು ಬರಲಿಲ್ಲ. ಅದರ ಹತ್ತಿ ಚಕ್ಕಡಿಯಲ್ಲಿ ಅಣ್ಣಿಗೇರಿಗೋ ಹುಬ್ಬಳ್ಳಿಗೋ ಬಂದು ರೈಲೇರಬೇಕಾಯಿತು. ಅರಬೈಲು ರಸ್ತೆಯ ಮೇಲಿದ್ದ ಕಲಘಟಗಿ, ಹತ್ತಿಯ ಗಾಡಿಗಳು ನಿಂತುಹೋಗಿ, ತನ್ನ ದಾರಿಯ ವ್ಯಾಪಾರವನ್ನು ಕಳೆದುಕೊಂಡಿತು. ಕುಮಟಾ, ಕಾರವಾರಗಳು ಮಂಕಾದವು. ಇಷ್ಟೆಲ್ಲ ಆಗಿಯೂ ಅರಳೆ ಮುರಗಾಂವದ ಪಾಲಾಗಲಿಲ್ಲ. ಅದೇ ಕಂಪನಿ ಗದಗಿನಿಂದ ಹೊಟಗಿಗೆ, 1890ರ ವೇಳೆಗೆ ಲೋಂಡಾದಿಂದ ಪುಣೆಗೆ ಹಾಕಿದ ಮಾರ್ಗಗಳು ಹತ್ತಿಯನ್ನು ಮುಂಬಯಿಯ ಗಿರಣಿಗಳಿಗೂ ದಲಾಲರಿಗೂ ಒಯ್ಯತೊಡಗಿದವು. ಮುಂಬಯಿಗೆ ಹೋಗುವ ಸರಕಿಗೆ ಪರರಾಜ್ಯದ ಸುಂಕದ ಕಟ್ಟೆಯಿಲ್ಲ. 1892ರ ನಂತರ ಮುರಗಾಂವದ ದಾರಿಗೆ ಅದು ಇತ್ತು. ಗೋವೆಯ ರೈಲು ನಷ್ಟದಲ್ಲೇ ಓಡಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ನಿರ್ವಹಣೆಯೂ ಧಾರವಾಡದ ಕಂಪನಿಯ ಕೈಗೆ ಬಂದಿತು. ಬಂದರಿಗೆ ಮುಂದೆ ಜೀವ ತುಂಬಿದ್ದು ಸಂಡೂರಿನ ಮ್ಯಾಂಗನೀಸ್ ಮುಂತಾದ ಅದಿರು, ನವಲಗುಂದದ ಹತ್ತಿಯಲ್ಲ.

1892ರಲ್ಲಿ ಸತ್ತ ಈ ಒಪ್ಪಂದಕ್ಕೆ ನಿಜವಾದ ನ್ಯಾಯಾಂಗ ಪರಿಶೀಲನೆ ದೊರೆತದ್ದು ಅರುವತ್ತೆಂಟು ವರ್ಷಗಳ ನಂತರ. 1954ರಲ್ಲಿ ದಾದ್ರಾ ಮತ್ತು ನಗರಹವೇಲಿಗಳು ಪೋರ್ಚುಗೀಸರ ಕೈತಪ್ಪಿದಾಗ, ದಮಣದಿಂದ ಅಲ್ಲಿಗೆ ಭಾರತದ ನೆಲದ ಮೇಲೆ ಹಾದುಹೋಗುವ ಹಕ್ಕು ತನಗಿದೆಯೆಂದು ಪೋರ್ಚುಗಲ್ 1955ರ ಡಿಸೆಂಬರಿನಲ್ಲಿ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದ ಮೊರೆ ಹೊಕ್ಕಿತು. ಭಾರತದ ಪರವಾಗಿ ಎಂ. ಸಿ. ಸೆಟಲ್ವಾಡರು ವಾದಿಸಿದರು. ಧಾರವಾಡ ಜಿಲ್ಲೆ ಮುಂಬಯಿ ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದಾಗ ಅಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ. ಸಿ. ಛಾಗಲಾ ಈ ಪ್ರಕರಣಕ್ಕೆ ಭಾರತದ ಪರವಾಗಿ ನೇಮಕಗೊಂಡ ವಿಶೇಷ ನ್ಯಾಯಾಧೀಶರಾಗಿದ್ದರು. ಒಬ್ಬರ ಸಶಸ್ತ್ರಪಡೆ ಇನ್ನೊಬ್ಬರ ಭಾರತೀಯ ಪ್ರದೇಶವನ್ನು, ಕೆಲವು ನಿರ್ದಿಷ್ಟ ಸಂದರ್ಭಗಳ ಹೊರತು, ವಿಧಿವತ್ತಾದ ಕೋರಿಕೆಯಿಲ್ಲದೆ ಪ್ರವೇಶಿಸಬಾರದೆಂಬ ಮಾತು 1878ರ ಒಪ್ಪಂದದ 18ನೆಯ ವಿಧಿಯಲ್ಲಿತ್ತು. ಅನುಮತಿಯಿಲ್ಲದೆ ತಮ್ಮ ಸೈನಿಕರು ಗಡಿ ದಾಟುವುದಿಲ್ಲವೆಂದು ಗೋವೆಯ ಗವರ್ನರ್ ಜನರಲ್ 1890ರಲ್ಲಿ ಮುಂಬಯಿಗೆ ಬರೆದ ಪತ್ರವೂ ಕಡತದಲ್ಲಿತ್ತು. ಕೋರಿ ಪಡೆಯುವುದು ಹಕ್ಕಾಗಲಾರದು. 1960ರ ಏಪ್ರಿಲ್ 12ರ ತೀರ್ಪಿನಲ್ಲಿ ನ್ಯಾಯಾಲಯವು ಸಾಮಾನ್ಯ ಜನ, ನಾಗರಿಕ ಅಧಿಕಾರಿಗಳು ಮತ್ತು ಸಾಮಾನ್ಯ ಸರಕುಗಳಿಗೆ ಹಾದುಹೋಗುವ ಹಕ್ಕು ಇತ್ತೆಂದೂ, ಸೈನ್ಯ, ಸಶಸ್ತ್ರ ಪೊಲೀಸ್ ಮತ್ತು ಮದ್ದುಗುಂಡುಗಳಿಗೆ ಇರಲಿಲ್ಲವೆಂದೂ ಹೇಳಿತು. ಎರಡನೆಯ ಅಂಶದಲ್ಲಿ ಮತಗಳು 8ಕ್ಕೆ 7. ಭಾರತ ತನ್ನ ಹೊಣೆಯನ್ನು ಮೀರಿಲ್ಲವೆಂಬ ಅಂಶದಲ್ಲಿ 9ಕ್ಕೆ 6. ಹತ್ತಿ ಮತ್ತು ಉಪ್ಪಿಗಾಗಿ ಬರೆದ ಕಾಗದದ ಒಂದು ಮೂಲೆಯ ವಾಕ್ಯ, ಅವಧಿ ಮೀರಿದ್ದರೂ, ಬಾಧ್ಯತೆಯಾಗಿ ಅಲ್ಲದೆ ರೂಢಿಯ ಸಾಕ್ಷ್ಯವಾಗಿ ಬಳಕೆಗೆ ಬಂದಿತು. ಅದರ ರಚನಕಾರರು ಇದನ್ನು ಊಹಿಸಿಯೂ ಇರಲಾರರು.

ಗೋವೆಯ ವಿಮೋಚನೆಯ ಹೋರಾಟದ ದಿನಗಳಲ್ಲಿ 1955ರಲ್ಲಿ ನಿಂತ ರೈಲು 1961ರ ನಂತರ ಮತ್ತೆ ಓಡಿತು. ಮಾರ್ಗದ ಮೇಲಿನ ವ್ಯಾಜ್ಯ ಮುಗಿಯಲಿಲ್ಲ. ಮುರಗಾಂವದಲ್ಲಿ ಇಳಿದ ಕಲ್ಲಿದ್ದಲು ಧಾರವಾಡ, ಹುಬ್ಬಳ್ಳಿ, ಅಣ್ಣಿಗೇರಿಗಳ ಮೂಲಕ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸಾಗುವ ಇದೇ ಹಳಿಯನ್ನು ಘಟ್ಟದಲ್ಲಿ ಜೋಡಿಮಾರ್ಗ ಮಾಡಲು ದೊರೆತಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸರ್ವೋಚ್ಚ ನ್ಯಾಯಾಲಯ 2022ರ ಮೇ 9ರಂದು ರದ್ದುಗೊಳಿಸಿತು. ಇತ್ತ ಕಾರವಾರದ ಕಡೆಯ ಹಳೆಯ ಕನಸಿನ ಮುಂದುವರಿಕೆಯಾದ ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲಿ ಮಂಜೂರಾತಿ ದೊರೆಯಿತು. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದಕ್ಕೆ ಒಪ್ಪಿಗೆ ನೀಡಿದರೆ ಜೂನಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ಒಪ್ಪಿಗೆಗೆ ತಡೆಯಾಜ್ಞೆ ನೀಡಿತು. ಕಲಘಟಗಿಯಿಂದ ಕಡಲಿಗೆ ಹೋಗುವ ಸರಕು ಅರಬೈಲು ಘಟ್ಟದ ರಸ್ತೆಯಲ್ಲೇ ಇಳಿಯುತ್ತಿದೆ.